‘ಮುಟ್ಟಿನ ಕೋಣೆ’ ಎಂದರೇನೆಂದು ಕೇಳದೆ ಹೋದವರಿಗೆ

ವಸ್ತುಸಂಗ್ರಹಾಲಯಗಳ ಪ್ರಾದೇಶಿಕ ಒಕ್ಕೂಟದ ಕಾರ್ಯದರ್ಶಿಗಳಿಗೆ,
ಹೊಸಪೇಟೆ

ಮಾನ್ಯರೇ,

ನಿಮ್ಮ ಒಕ್ಕೂಟದವರು ಒಂದು ಕನ್ನಡ ಪದವನ್ನು ತಪ್ಪಾಗಿ ತಿಳಿದುಕೊಂಡರು. ಅದರಿಂದ ಕಂಪ್ಲಿಯ ನಮ್ಮ ಒಕ್ಕಲುತನದ ವಸ್ತುಸಂಗ್ರಹಾಲಯವನ್ನು ಹದಿನೇಳು ವರ್ಷ ನೋಡಿಕೊಂಡ ದುರ್ಗಕ್ಕ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದಾರೆ. ಈ ವಿಷಯವನ್ನು ನಿಮ್ಮ ಕಚೇರಿಗೆ ಮೂರು ಸಲ ಬಂದು ಹೇಳಿದೆ. ಮೂರು ಸಲವೂ ನನ್ನ ದನಿ ಮೇಜಿನ ಆಚೆ ಮುಟ್ಟಲಿಲ್ಲ. ಹಾಗಾಗಿ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಹೆಣ್ಣುಮಗಳಾಗಿ ಈ ಪದದ ಬಗ್ಗೆ ಪತ್ರಿಕೆಯಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತದೆ. ಅದನ್ನು ನಿಮ್ಮ ವಾರ್ತಾಪತ್ರದಲ್ಲಿ ಅಚ್ಚು ಹಾಕಿಸುವಾಗ ನಿಮಗೆ ಆಗಲಿಲ್ಲ, ಅದೊಂದು ಧೈರ್ಯ.

ನಮ್ಮ ಕಟ್ಟಡದ ಹಿಂಬದಿಯಲ್ಲಿ ಒಂದು ಉದ್ದನೆಯ ಕೋಣೆ ಇದೆ. ಅದರ ಬಾಗಿಲ ಮೇಲೆ ‘ಮುಟ್ಟಿನ ಕೋಣೆ’ ಎಂಬ ಫಲಕವಿತ್ತು. ದುರ್ಗಕ್ಕ ಹೇಳಿದ್ದು, ನಾನು ಬರೆದದ್ದು. ನಮ್ಮ ಸೀಮೆಯಲ್ಲಿ ಕಮ್ಮಾರನ ಮುಟ್ಟು ಎಂದರೆ ಸುತ್ತಿಗೆ, ಇಕ್ಕಳ. ಒಕ್ಕಲಿಗನ ಮುಟ್ಟು ಎಂದರೆ ನೇಗಿಲು, ಕುಂಟೆ, ಬಿತ್ತುವ ಕೂರಿಗೆ. ಮುಟ್ಟು ಎಂದರೆ ಕೆಲಸದ ಸಲಕರಣೆ. ಯಾವುದಾದರೂ ದೊಡ್ಡ ನಿಘಂಟು ತೆಗೆದು ನೋಡಿ, ಸಿಗುತ್ತದೆ. ನೀವು ಅಂದುಕೊಂಡ ಇನ್ನೊಂದು ಅರ್ಥವೂ ಅದೇ ಪುಟದಲ್ಲಿದೆ. ಆದರೆ ನಮ್ಮ ಹೆಂಗಸರು ಅದಕ್ಕೆ ‘ಕಡಿಗಾಗೋದು’, ಅಂದರೆ ಹೊರಗಾಗುವುದು, ಎನ್ನುತ್ತಾರೆ. ಹಳೆಯ ವಸ್ತುಗಳನ್ನು ಕಾಯುವುದಕ್ಕೆಂದೇ ಹುಟ್ಟಿದ ಒಕ್ಕೂಟಕ್ಕೆ ಆ ವಸ್ತುಗಳ ಹಳೆಯ ಹೆಸರೇ ಗೊತ್ತಿಲ್ಲದಿದ್ದರೆ, ನೀವು ಕಾಯುತ್ತಿರುವುದು ಏನನ್ನು?

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಿಮ್ಮ ಪರಿಶೀಲಕರು ಬಂದರು. ಒಬ್ಬರು ಸರ್, ಒಬ್ಬರು ಮೇಡಂ. ಬೆಳಿಗ್ಗೆಯೆಲ್ಲ ಹಂಪಿ ಸುತ್ತಿ ಬಿಸಿಲಿಗೆ ಬಳಲಿದ್ದರು. ದುರ್ಗಕ್ಕ ಅಂದು ಇರಲಿಲ್ಲ. ದರೋಜಿಯಲ್ಲಿ ಯಾರೋ ಅಜ್ಜನ ಕಾಲದ ಕೂರಿಗೆಯನ್ನು ಒಡೆದು ಒಲೆಗೆ ಹಾಕುತ್ತಾರೆಂದು ಸುದ್ದಿ ಬಂದು, ಅದನ್ನು ಬಿಡಿಸಿಕೊಂಡು ಬರಲು ಮೊದಲ ಬಸ್ಸಿಗೇ ಹೋಗಿದ್ದರು. ಆ ಕೋಣೆಯ ಕೀಲಿ ಅವರ ಸೊಂಟದಲ್ಲಿತ್ತು. ಮೇಡಂ ಫಲಕವನ್ನು ಎರಡು ಸಲ ಓದಿ ಸರ್ ಮುಖ ನೋಡಿದರು. ಆಮೇಲೆ, ಈ ಕೋಣೆಯೊಳಗೆ ಯಾರು ಹೋಗುತ್ತೀರಿ ಎಂದು ನನ್ನನ್ನು ಕೇಳಿದರು.

“ದುರ್ಗಕ್ಕ ಮತ್ತ ನಾನ್ರಿ,” ಅಂದೆ.

“ಗಂಡಸರು?”

“ವಾಚ್‌ಮನ್ ಯಲ್ಲೇಶಣ್ಣ ಒಳಗ ಕಾಲಿಡಂಗಿಲ್ರಿ. ವಾಸನಿಗೆ ತಲಿ ಹಿಡಿತೈತಂತ.”

“ನೀವು ಯಾವಾಗ ಹೋಗ್ತೀರಿ?”

“ತಿಂಗಳಿಗೊಮ್ಮಿರಿ. ಮೂರು ದಿನ.”

ತಿಂಗಳಿಗೆ ಮೂರು ದಿನ ನಾವಿಬ್ಬರೂ ಆ ಕೋಣೆಯಲ್ಲಿ ಕುಳಿತು, ಮರಕ್ಕೆ ಹುಳು ಹತ್ತದಿರಲಿ ಎಂದು ಬೇವಿನೆಣ್ಣೆ ತಿಕ್ಕುತ್ತಿದ್ದೆವು. ಯಲ್ಲೇಶಣ್ಣನಿಗೆ ಆ ಎಣ್ಣೆಯ ವಾಸನೆ ಆಗುವುದಿಲ್ಲ. ಇಷ್ಟನ್ನು ನಾನು ಹೇಳಬೇಕಿತ್ತು. ದೊಡ್ಡವರ ಎದುರು ನನಗೆ ಮಾತು ಹೊರಡುವುದಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ. ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟು, ಎಷ್ಟು ಕಷ್ಟ ಅಲ್ಲವೇನಮ್ಮ ಎಂದರು. ಎಣ್ಣೆ ತಿಕ್ಕುವ ಕಷ್ಟ ಇವರಿಗೂ ತಿಳಿದಿದೆಯಲ್ಲ ಎಂದು ಸಂತೋಷವಾಗಿ, “ರೂಢಿ ಆಗೈತ್ರಿ” ಎಂದುಬಿಟ್ಟೆ. ಸರ್ ಬೀಗ ಹಾಕಿದ ಬಾಗಿಲಿನ ಫೋಟೋ ತೆಗೆದರು. ದುರ್ಗಕ್ಕ ನಾಲ್ಕು ಗಂಟೆಯ ಬಸ್ಸಿಗೆ ಬರುತ್ತಾರೆಂದು ಹೇಳಿದೆ. ಅವರಿಗೆ ಅಷ್ಟು ಹೊತ್ತು ಇರಲಿಲ್ಲ. ನನ್ನ ತಪ್ಪನ್ನು ಒಪ್ಪಿಕೊಂಡಿದ್ದೇನೆ. ಬೀಗ ತೆಗೆಸಿ ಒಳಗೆ ನೋಡದೆ ವರದಿ ಬರೆದದ್ದು ಯಾರ ತಪ್ಪು?

ಏಪ್ರಿಲ್‌ನಲ್ಲಿ ನಿಮ್ಮ ವಾರ್ತಾಪತ್ರ ಬಂತು. ನಮ್ಮ ಟ್ರಸ್ಟಿನ ಅಧ್ಯಕ್ಷರಾದ, ಅಕ್ಕಿ ಗಿರಣಿಯ ಕೊಟ್ರಬಸಪ್ಪನವರು ನಮ್ಮಿಬ್ಬರನ್ನೂ ಕರೆಸಿ, ಅದನ್ನು ನನ್ನ ಕೈಗೆ ಕೊಟ್ಟು ಓದು ಎಂದರು. ದುರ್ಗಕ್ಕನಿಗೆ ಓದು ಬರುವುದಿಲ್ಲ. “ಕಂಪ್ಲಿಯ ಸಂಗ್ರಹಾಲಯವು ಮಹಿಳಾ ಸಿಬ್ಬಂದಿಯನ್ನು” ಎಂಬಲ್ಲಿಯವರೆಗೆ ಓದಿ ನಿಂತೆ. ಮುಂದಿನ ಪದ ಗಂಡಸರ ಎದುರು ಬಾಯಿಗೆ ಬರಲಿಲ್ಲ.

“ಓದವ್ವ,” ಅಂದರು ದುರ್ಗಕ್ಕ. “ನನ್ ಬಗ್ಗೆ ಬರದಿದ್ದು ನಾ ಕೇಳಬಾರ್ದೇನು?”

ಓದಿದೆ. ತಿಂಗಳಿಗೆ ಮೂರು ದಿನ ಹೆಂಗಸರನ್ನು ಪ್ರತ್ಯೇಕವಾಗಿ ಕೂಡಿಹಾಕುವ ಕೋಣೆ ಇದೆಯಂತೆ. ಹಿರಿಯ ಸಿಬ್ಬಂದಿಯೇ ಈ ಅನಿಷ್ಟ ಪದ್ಧತಿಯನ್ನು ಕಿರಿಯಳ ಮೇಲೆ ಹೇರಿರುವುದು ಖೇದಕರವಂತೆ. ಕಿರಿಯಳು ಅದಕ್ಕೆ ಒಗ್ಗಿಹೋಗಿರುವುದು ಇನ್ನೂ ಖೇದಕರವಂತೆ. ದುರ್ಗಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. “ಕೂರಿಗಿ ಕಡಿಗಾಗೈತಿ ಅಂತ ಬರದಾರೇನು?”

ಕೊಟ್ರಬಸಪ್ಪನವರು ನಗಲಿಲ್ಲ. ಮುಟ್ಟು ಎಂದರೇನೆಂದು ತಮಗೇ ಗೊತ್ತಲ್ಲವೇ ಎಂದು ದುರ್ಗಕ್ಕ ಕೇಳಿದ್ದಕ್ಕೆ, “ನನಗ ಗೊತ್ತೈತಿ ಬಿಡು, ಓದೋ ಮಂದಿಗೆ ಗೊತ್ತಿಲ್ಲಲ್ಲ. ಕೀಲಿ ಅಲ್ಲಿಟ್ಟು ಹೋಗು” ಅಂದರು. ದುರ್ಗಕ್ಕ ಸೊಂಟದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟರು. ಆ ಹೊತ್ತಿಗೆ ನಗು ನಿಂತಿತ್ತು.

ಮಾನ್ಯರೇ, ದುರ್ಗಕ್ಕ ಯಾರೆಂದು ನಿಮ್ಮ ವರದಿಯಲ್ಲಿಲ್ಲ, ಕೇಳಿ. ಚಿಕ್ಕಂದಿನಲ್ಲಿ ತಮ್ಮ ತಂದೆಗೆ ಹೋಟೆಲಿನ ಹೊರಗೆ ಬೇರೆ ಲೋಟದಲ್ಲಿ ಚಹಾ ಕೊಡುವುದನ್ನು ಕಂಡವರು. ಯಾವ ಮನೆಗಳ ಅಂಗಳದಾಚೆ ನಿಂತು ಆಳು ಬೇಕೇನ್ರಿ ಎಂದು ಕೇಳಿದರೋ, ಅದೇ ಮನೆಗಳ ಅಟ್ಟದಲ್ಲಿ ಬಿದ್ದಿದ್ದ ನೇಗಿಲು, ಕೂರಿಗೆಗಳನ್ನು ಕೇಳಿ ತಂದು, ಒರೆಸಿ, ಹೆಸರಿಟ್ಟು ಉಳಿಸಿದವರು. ಹೊರಗೆ ನಿಲ್ಲುವುದು ಎಂದರೇನೆಂದು ಅವರಿಗೆ ನೀವು ಕಲಿಸಬೇಕಾಗಿಲ್ಲ. ಹೆಣ್ಣುಮಕ್ಕಳನ್ನು ಹೊರಗೆ ಕೂರಿಸಿದರೆಂಬ ಅಪವಾದವನ್ನು ಈ ಸೀಮೆಯಲ್ಲೆಲ್ಲ ಹುಡುಕಿ ಇವರ ತಲೆಗೇ ಕಟ್ಟಿದಿರಲ್ಲ, ನಿಮ್ಮ ಪರಿಶೀಲನೆಯ ಸೂಕ್ಷ್ಮತೆಗೆ ಏನು ಹೇಳಲಿ!

ಸೂಕ್ಷ್ಮತೆಯ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಸಂಗ್ರಹಾಲಯದಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ. ನಿಜವಾಗಿ ಕಡಿಗಾದ ದಿನ ನಾವು ಹಿಂದಿನ ಓಣಿಯ ನೀಲಗಂಗಮ್ಮನವರ ಮನೆಗೆ ಹೋಗುತ್ತೇವೆ. ಆಕೆ ಊರಿಗೆ ಹೋಗಿದ್ದರೆ ಸಂಜೆಯವರೆಗೆ ನೀರು ಕುಡಿಯದೆ ಇರುತ್ತೇವೆ. ನಮ್ಮ ತಿಂಗಳ ದಿನಗಳ ಬಗ್ಗೆ ಅರ್ಧ ಪುಟ ಕಣ್ಣೀರಿಟ್ಟ ನಿಮ್ಮ ವರದಿಯಲ್ಲಿ ಇದರ ಒಂದು ಸಾಲೂ ಇಲ್ಲ. ಇಲ್ಲದ ಕೋಣೆ ನಿಮ್ಮವರಿಗೆ ಕಂಡಿತು. ಇಲ್ಲದ ಶೌಚಾಲಯ ಕಾಣಲಿಲ್ಲ.

ನಿಮ್ಮ ಕಚೇರಿಯ ಗೋಡೆಯ ಮೇಲೆ ‘ಸಿಬ್ಬಂದಿಯೇ ಸಂಗ್ರಹಾಲಯದ ಜೀವಾಳ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದೀರಿ. ಅದರ ಕೆಳಗೇ ಕುಳಿತಿದ್ದ ಗುಮಾಸ್ತರು, ಆಕ್ಷೇಪಣೆ ಸಲ್ಲಿಸುವ ಹಕ್ಕು ಸದಸ್ಯರಿಗೆ ಮಾತ್ರ ಇದೆ, ಸದಸ್ಯರೆಂದರೆ ಸಂಗ್ರಹಾಲಯಗಳು ಎಂದರು. ಹಾಗಾದರೆ ಸಿಬ್ಬಂದಿ ಏನಾಗುತ್ತಾರೆ ಎಂದು ಕೇಳಿದೆ. “ಫಲಾನುಭವಿಗಳು” ಎಂದರು. ದುರ್ಗಕ್ಕ ಅನುಭವಿಸುತ್ತಿರುವ ಫಲ ಯಾವುದೆಂದು ಕೇಳಬೇಕಿತ್ತು. ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಮೂರನೆಯ ಸಲ ಬಂದಾಗ ಒಂದು ಪತ್ರ ಕೊಟ್ಟಿರಿ. ದುರ್ಗಕ್ಕ ಎರಡು ದಿನದ ಅರಿವು ಶಿಬಿರಕ್ಕೆ ಬಂದು, ಇನ್ನು ಮುಂದೆ ಈ ಪದ್ಧತಿ ಬಿಡುತ್ತೇನೆಂದು ಬರೆದುಕೊಟ್ಟರೆ ವರದಿಯನ್ನು ಮರುಪರಿಶೀಲಿಸುತ್ತೀರಂತೆ. ಒಂದು ಹೆಬ್ಬೆಟ್ಟು ಒತ್ತಿಬಿಡಕ್ಕ, ಕೆಲಸವಾದರೂ ಮರಳಿ ಸಿಗುತ್ತದೆ ಎಂದು ನಾನೇ ಅಂದೆ. ಅವರು, “ಮಾಡದಿದ್ದಿದ್ದು ಬಿಡ್ತೀನಿ ಅಂತ ಹೆಂಗ ಬರದು ಕೊಡ್ಲವ್ವ?” ಎಂದರು. ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಕೊಡಿ.

ಫಲಕದ ಮೇಲೆ ಈಗ ಸುಣ್ಣ ಬಳಿದಿದ್ದಾರೆ. ಕೋಣೆಗೆ ಬೀಗ ಬಿದ್ದು ಮೂರು ತಿಂಗಳಾಯಿತು. ಎಣ್ಣೆ ಕಾಣದ ಮರವನ್ನು ಹುಳು ಕೊರೆದು ಬಾಗಿಲ ಸಂದಿಯಲ್ಲಿ ಸಣ್ಣಗೆ ಹಿಟ್ಟು ಉದುರುತ್ತಿದೆ. ದಿನಾ ಗುಡಿಸುತ್ತೇನೆ. ಒಳಗಿರುವ ಎಷ್ಟೋ ಮುಟ್ಟುಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ನನಗೂ ಬಾರದು. ಅವು ದುರ್ಗಕ್ಕನ ಬಾಯಲ್ಲಿವೆ.

ಆದ್ದರಿಂದ ಕೇಳುತ್ತಿದ್ದೇನೆ. ವರದಿ ಅಚ್ಚಾದ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಅದು ತಪ್ಪೆಂದು ಅಚ್ಚು ಹಾಕಿ. ದುರ್ಗಕ್ಕನ ಕೀಲಿ ಅವರಿಗೆ ಹಿಂತಿರುಗಬೇಕೆಂದು ನಮ್ಮ ಟ್ರಸ್ಟಿಗೆ ಈ ವಾರವೇ ಬರೆಯಿರಿ. ನಿಮ್ಮ ಮಾತಿಗೆ ಹೆದರಿ ಕಸಿದವರು ನಿಮ್ಮ ಮಾತಿಗೇ ಹೆದರಿ ಕೊಡುತ್ತಾರೆ. ದುರ್ಗಕ್ಕನ ಕ್ಷಮೆಯನ್ನೂ ಕೇಳಿ. ಅದನ್ನು ಮಾತ್ರ ಕಾಗದದಲ್ಲಿ ಕಳಿಸಬೇಡಿ. ಕಾಗದ ಬಂದರೆ ಅದನ್ನೂ ಅವರಿಗೆ ಓದಿ ಹೇಳಬೇಕಾದವಳು ನಾನೇ. ನಿಮ್ಮ ಪರವಾಗಿ ಒಮ್ಮೆ ಓದಿದ್ದು ನನಗೆ ಸಾಕಾಗಿದೆ. ಕಂಪ್ಲಿಗೆ ಬನ್ನಿ, ಅವರ ಮುಖ ನೋಡಿ, ನಿಮ್ಮ ಬಾಯಿಂದಲೇ ಹೇಳಿ.

ಇಂತಿ,
ಹೇಮಾ
ಸಹಾಯಕಿ, ಒಕ್ಕಲುತನದ ವಸ್ತುಸಂಗ್ರಹಾಲಯ, ಕಂಪ್ಲಿ
(ಈ ಪತ್ರ ಅಚ್ಚಾಗುವ ದಿನದವರೆಗಾದರೂ)