ಅಮ್ಮನ ಅರ್ಜಿಗೆ ಮಗಳ ಉತ್ತರ

ಗಾಡಿ ಶೆಡ್ಡಿನಿಂದ,
೧೪ನೇ ತಾರೀಖು, ಸೋಮವಾರ

ಸಿಟ್ಟಿದ್ದರೂ ನನ್ನ ಕಾಗದ ಓದದೆ ಇರಲಾರದ ಅಮ್ಮನಿಗೆ, ನಿನ್ನ ಮೊಂಡು ಮಗಳ ನಮಸ್ಕಾರ.

ನೀನು ನಮ್ಮ ಸಾಹೇಬರಿಗೆ ಬರೆದ ಅರ್ಜಿ ತಲುಪಿತು. ನಿನಗೆ ಎದೆನೋವಂತೆ, ಹಾಸಿಗೆ ಬಿಟ್ಟು ಏಳಲಾಗುತ್ತಿಲ್ಲವಂತೆ, ಮಗಳನ್ನು ಸೇನೆಯಿಂದ ಬಿಡಿಸಿ ಮನೆಗೆ ಕಳಿಸಬೇಕಂತೆ. ಓದಿ ನನ್ನ ಜೀವ ಬಾಯಿಗೆ ಬಂತು. ತಕ್ಷಣ ಪಕ್ಕದ ಮನೆ ಅತ್ತೆಗೆ ಫೋನ್ ಮಾಡಿದೆ. ನೀನು ಮಹಡಿ ಮೇಲೆ ಅದೇ ಹಾಸಿಗೆಯನ್ನು ಬಿಸಿಲಿಗೆ ಹಾಕಿ ದಬದಬ ಬಡಿಯುತ್ತಿದ್ದೀಯ, ಧೂಳೆಲ್ಲ ತಮ್ಮ ಅಂಗಳಕ್ಕೆ ಬೀಳುತ್ತಿದೆ ಎಂದು ಅವರು ನನಗೇ ದೂರು ಹೇಳಿದರು. ಸುಳ್ಳು ಹೇಳುವವರು ಪಕ್ಕದ ಮನೆಯವರ ಜೊತೆಗಾದರೂ ಚೆನ್ನಾಗಿರಬೇಕು ಅಮ್ಮ.

ನಾನು ಬರುವುದಿಲ್ಲ. ಇನ್ನೂ ಐದು ವರ್ಷಕ್ಕೆ ಸಹಿ ಹಾಕಿದ್ದೇನೆ.

ಸೇನೆ ನಿನಗೇನು ಕೊಟ್ಟಿತು ಎಂದು ಕೇಳುತ್ತಲೇ ಇರುತ್ತೀಯ. ಕಿತ್ತುಕೊಂಡದ್ದನ್ನು ಮೊದಲು ಹೇಳುತ್ತೇನೆ, ಮುಚ್ಚಿಟ್ಟಳು ಎಂದು ಆಮೇಲೆ ಅನ್ನಬೇಡ. ಅಪ್ಪ ಹೋದಾಗ ರಜೆ ಸಿಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಗಿಯ ಮದುವೆಯನ್ನು ಫೋಟೋದಲ್ಲಿ ನೋಡಿದೆ. ಹೋಗು ಎಂದರೆ ಹೋಗಬೇಕು, ಏಕೆ ಎಂದು ಕೇಳುವಂತಿಲ್ಲ. ಕಳೆದ ತಿಂಗಳು ಸೇತುವೆಯ ಬಳಿ ಸ್ಫೋಟವಾದಾಗ ನನ್ನ ಪಕ್ಕದ ಮಂಚದವಳು ಹೋದಳು. ಅವಳ ಕಂಬಳಿ ಮಡಿಸಿಟ್ಟವಳು ನಾನೇ. ಬಿಕ್ಕಿ ಬಿಕ್ಕಿ ಅತ್ತೆ. ನನಗೇನೂ ಆಗಲಿಲ್ಲ ಎಂದು ಅವತ್ತೇ ನಿನಗೆ ತಿಳಿಸಿದ್ದೆನಲ್ಲ.

ಇನ್ನು ಕೊಟ್ಟದ್ದನ್ನು ಕೇಳು. ಬೆಟ್ಟದ ದಾರಿಯಲ್ಲಿ ನಾನು ಲಾರಿ ಓಡಿಸುತ್ತಿದ್ದರೆ ಹಿಂದೆ ಇಡೀ ತುಕಡಿ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅಷ್ಟು ಜನ ನನ್ನ ಕೈಯನ್ನು ನಂಬಿ ಮಲಗುತ್ತಿದ್ದರು. ನೀನೋ, ಹಾಲು ಉಕ್ಕದಂತೆ ನೋಡಿಕೊಳ್ಳಲೂ ನನ್ನನ್ನು ನಂಬಿದವಳಲ್ಲ. ಆ ನಂಬಿಕೆ ನನಗೆ ಬೇಕು. ನಾಚಿಕೆಯಿಲ್ಲದೆ ಹೇಳುತ್ತೇನೆ, ಬೇಕು.

ಸಾಹೇಬರು ನಿನ್ನ ಅರ್ಜಿಯನ್ನು ಮೇಜಿನ ಮೇಲಿಟ್ಟುಕೊಂಡು, ಇನ್ನು ನೀನು ಲಾರಿ ಹತ್ತುವುದು ಬೇಡ, ಗೌರವದಿಂದ ಮನೆಗೆ ಕಳಿಸುತ್ತೇವೆ, ಅಮ್ಮನಿಗೂ ಅದೇ ಬೇಕಲ್ಲ ಎಂದರು. ನೀವಿಬ್ಬರೂ ಸೇರಿ ನನ್ನ ಬದುಕನ್ನು ತೀರ್ಮಾನ ಮಾಡಿಬಿಟ್ಟಿರಲ್ಲ ಎಂದು ಮೈಯೆಲ್ಲ ಉರಿಯಿತು. ನೆಟ್ಟಗೆ ನಿಂತು ಹೇಳಿದೆ: “ಓಡಿಸಬೇಡ ಅಂದ್ರೆ ಓಡಿಸೋದನ್ನ ಕಲಿಸ್ತೀನಿ ಸಾರ್. ಮನೆಗೆ ಮಾತ್ರ ಹೋಗಲ್ಲ.” ಕೊನೆಗೆ ಅವರು ಒಪ್ಪಿದರು. ಈಗ ಶೆಡ್ಡಿನಲ್ಲಿ ಹೊಸಬರಿಗೆ ಪಾಠ ಹೇಳುತ್ತೇನೆ. ಎಂಜಿನ್ನಿಗೆ ಏನಾಗಿದೆ ಎಂದು ಅಂಗೈ ಇಟ್ಟು ತಿಳಿಯುವುದನ್ನು ನಾನೂ ಕಲಿಯುತ್ತಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು ಅಷ್ಟು ಮಾತಾಡಿದರೂ ನಾನು ತುಟಿ ಬಿಚ್ಚಲಿಲ್ಲ, ಕೊಬ್ಬು ಬಂದಿದೆ ಎಂದು ತಂಗಿಯ ಹತ್ತಿರ ಹೇಳಿದೆಯಂತೆ. ಕೊಬ್ಬಲ್ಲ, ಲೈನು ಸರಿಯಿರಲಿಲ್ಲ.

ಮುಂದಿನ ತಿಂಗಳು ರಜೆಗೆ ಬರುತ್ತೇನೆ. ಅಲ್ಲಿಯವರೆಗೆ ನಿಜವಾದ ಕಾಯಿಲೆ ಬೀಳಬೇಡ.

ಹಟದಲ್ಲಿ ನಿನ್ನನ್ನೇ ಹೋಲುವ
ದೊಡ್ಡ ಮಗಳು

ಮತ್ತೆ: ಈ ಸಲ ಗೋಡೆ ಕಡೆ ನೀನು ಮಲಗು. ಎಂದಿನಂತೆ ನಾನು ಅಲ್ಲಿ ಮಲಗಿದರೆ ನಿನ್ನ ಮಾತೆಲ್ಲ ನನ್ನ ಎಡಗಿವಿಗೆ ಬೀಳುತ್ತದೆ. ಸೇತುವೆಯ ದಿನದಿಂದ ಆ ಕಿವಿ ಕೇಳಿಸುತ್ತಿಲ್ಲ. ಲೈನು ಸರಿಯಾಗಿಯೇ ಇತ್ತು. ಹಳೇ ಅಭ್ಯಾಸ, ಫೋನನ್ನು ಆ ಕಿವಿಗೇ ಹಿಡಿದಿದ್ದೆ. ಬೈಯುವುದನ್ನೆಲ್ಲ ಬಲಗಿವಿಗೇ ಬೈ. ಒಂದು ಮಾತೂ ಬಿಟ್ಟುಹೋಗಬಾರದು.