ಬಟಾಣಿ ಆಡಿದ ಮೊದಲ ಮಾತು

ನನ್ನ ಜಗಳಗಂಟಿ ಅಕ್ಕನಿಗೆ,

ಫೋನಿನಲ್ಲಿ ನನಗೆ ಬಾಯಿ ತೆರೆಯಲು ನೀನು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸೋಮವಾರ ನಮ್ಮ ಬಟಾಣಿಯನ್ನು ಕ್ಲಿನಿಕ್ಕಿಗೆ ಕರೆದೊಯ್ಯಲು ಕಾರು ತರುತ್ತೇನೆ ಎಂದಿದ್ದೀಯ. ಔಷಧಿಯನ್ನು ಎರಡರಷ್ಟು ಮಾಡುತ್ತಾರಂತೆ. ಅವರ ಜಾಹೀರಾತಿಗಾಗಿ ನಾನು ಕ್ಯಾಮೆರಾ ಮುಂದೆ ಕೂತು 'ನನ್ನ ಮಗಳ ಆಟಿಸಂ ವಾಸಿಯಾಗ್ತಿದೆ' ಅನ್ನಬೇಕಂತೆ. ನನಗೋ ತಲೆ ಕೆಟ್ಟು ಕೆರ ಹಿಡಿದಿದೆ.

ಆ ಕ್ಲಿನಿಕ್ಕನ್ನು ಹುಡುಕಿದ್ದು ನೀನು. ದೂರುತ್ತಿಲ್ಲ, ತಾಯಿ! ಏಳು ವರ್ಷವಾದರೂ ಮಾತಾಡದ ಮಗುವಿಗಾಗಿ ಅದರ ದೊಡ್ಡಮ್ಮ ಎಷ್ಟು ಜೀವ ಬಿಡುತ್ತಾಳೆಂದು ನನಗೆ ಗೊತ್ತಿಲ್ಲವೇ? ಆಸ್ಪತ್ರೆಯ ಡಾಕ್ಟರಮ್ಮ 'ಇದಕ್ಕೆ ಔಷಧಿ ಅಂತ ಇಲ್ಲಮ್ಮ, ನಿಧಾನವಾಗಿ ಕಲಿಸ್ಬೇಕು' ಎಂದಾಗ ನಮಗಿಬ್ಬರಿಗೂ ಸಿಟ್ಟು ಬಂದಿತ್ತು. ಕ್ಲಿನಿಕ್ಕಿನವರು ಬಟಾಣಿಯ ಮುಖವನ್ನೂ ಸರಿಯಾಗಿ ನೋಡದೆ 'ಆಗುತ್ತೆ, ಖಂಡಿತ ಆಗುತ್ತೆ' ಎಂದರು. ಆ ಮಾತಿಗೆ ಕರಗಿಬಿಟ್ಟೆವು.

ಅವರು ಕೊಟ್ಟ ಔಷಧಿ ಹನಿಗಳಿಗೆ ಬಚ್ಚಲು ತೊಳೆಯುವ ಬ್ಲೀಚಿಂಗ್ ನೀರಿನ ವಾಸನೆ. ಕುಡಿಸಿದ ಮೇಲೆ ಅವಳು ನನ್ನ ಹೊಲಿಗೆ ಮೆಷಿನ್ನಿನ ಕೆಳಗೆ, ಬಟ್ಟೆ ಚೂರುಗಳ ಮೇಲೆ, ಹೊಟ್ಟೆ ಹಿಡಿದುಕೊಂಡು ಮುದುರಿಕೊಳ್ಳುತ್ತಿದ್ದಳು. ಕ್ಲಿನಿಕ್ಕಿನವರನ್ನು ಕೇಳಿದರೆ 'ವಿಷ ಹೊರಗೆ ಹೋಗ್ತಿದೆ, ಒಳ್ಳೇ ಲಕ್ಷಣ' ಎಂದರು. ಮೊದಲೆಲ್ಲ ಮೆಷಿನ್ ಓಡುವಾಗ ಅದರ ಜೊತೆ ಗುಂಯ್ ಎನ್ನುತ್ತಿದ್ದವಳು ಸುಮ್ಮನಾದಳು. ಅದಕ್ಕೂ 'ಹಠ ಇಳೀತು ನೋಡಿ' ಎಂದರು. ಮಗು ಸುಧಾರಿಸುತ್ತಿದೆಯೋ ಸೊರಗುತ್ತಿದೆಯೋ, ನನಗಂತೂ ತಲೆಬುಡ ತಿಳಿಯಲಿಲ್ಲ.

ಕಳೆದ ವಾರ ನೀನು ಅವಳ ಗಲ್ಲ ಹಿಡಿದಿದ್ದೆ, ನಾನು ಚಮಚ ಹಿಡಿದಿದ್ದೆ. ಆಗಲೇ ಬಂತಲ್ಲ ಆ ಮಾತು.

'ಬೇಡ.'

ಅಬ್ಬಾ, ನೀನು ಕುಣಿದದ್ದೇನು, ನಾನು ಅತ್ತದ್ದೇನು! 'ಔಷಧಿ ಕೆಲಸ ಮಾಡ್ತು ಕಣೇ!' ಎಂದು ಕೂಗಿದೆ ನೀನು. ಅದೇ ಖುಷಿಯಲ್ಲಿ ಆ ಚಮಚವನ್ನು ಅವಳ ಬಾಯಿಗೆ ಸುರಿದೇಬಿಟ್ಟೆವು.

ಅಂದಿನಿಂದ ಒಂದೇ ಯೋಚನೆ. ಆ ಮಾತು ಔಷಧಿಯಿಂದ ಬಂತೋ, ಔಷಧಿ ತಾಳಲಾರದೆ ಬಂತೋ? ನಿಲ್ಲಿಸಿದರೆ ಆ ಬಾಯಿ ಮತ್ತೆ ಮುಚ್ಚಿಹೋದರೆ? ದೇವರಾಣೆ ಗೊತ್ತಿಲ್ಲ ಅಕ್ಕಾ. ಅವಳ ಒಂದು ಮಾತಿಗಾಗಿ ಅಷ್ಟು ವರ್ಷ ಕಾದೆವು. ಬಂದಾಗ ಕುಣಿದೆವೇ ಹೊರತು, ಅವಳು ಹೇಳಿದ್ದೇನೆಂದು ಕೇಳಲೇ ಇಲ್ಲ.

ನಿನ್ನೆಯಿಂದ ಕೊಟ್ಟಿಲ್ಲ. ಸೀಸೆ ದಾರದ ಡಬ್ಬದ ಹಿಂದಿದೆ; ಎಸೆಯುವ ಧೈರ್ಯ ಇನ್ನೂ ಬಂದಿಲ್ಲ. ಗುಂಯ್ ಎನ್ನುವುದೂ ಮರಳಿಲ್ಲ, ಮಾತೂ ಇಲ್ಲ. ಆದರೂ ಆ ಚಮಚವನ್ನು ಮತ್ತೆ ಹಿಡಿಯಲಾರೆ. ಸೋಮವಾರ ಬಾ, ಕಾರು ತರಬೇಡ. ಬೈಯುವುದಿದ್ದರೆ ಮನೆಗೇ ಬಂದು ಬೈಯಿ.

ನಿನ್ನ ಮನಸ್ಸು ತಣ್ಣಗಿರಲಿ. ಬಟಾಣಿ ಇನ್ನೊಂದು ಮಾತು ಆಡಿದ ದಿನ, ಅವಳು ಹೇಳಿದಂತೆ ಕೇಳುವ ಬುದ್ಧಿ ನಮ್ಮಿಬ್ಬರಿಗೂ ಇರಲಿ.

ಏನೂ ತೋಚದ,
ನಿನ್ನ ತಂಗಿ