ಓಗಾವಾದ ದಾರಿ ನಾವು ತುಳಿಯುವುದಿಲ್ಲ

ಹಿನಾಸಾವಾ ಹಳ್ಳಿ (ಈಗಲೂ ಹಳ್ಳಿಯೇ),
ಶೋವಾ 31 (1956), ಫೆಬ್ರುವರಿ 19

ಮನೆಯ ಯಜಮಾನರಿಗೆ ಮಿಯೊ ಮಾಡುವ ನಮಸ್ಕಾರ.

ಹೇಗಿದ್ದೀರಿ? ಕೈಯ ಬಿರುಕು ವಾಸಿಯಾಯಿತೇ? ಈ ಚಳಿಯಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ಕೊರೆಯುವ ನೀರಿನಲ್ಲಿ ಸಾಕೆ ಹೆಂಡಕ್ಕೆ ಅಕ್ಕಿ ತೊಳೆಯುತ್ತೀರಿ ಎಂದು ನೆನೆದರೆ ನನ್ನ ಬೆರಳೇ ಮರಗಟ್ಟುತ್ತದೆ. ಕುದುರೆ ಕೊಬ್ಬಿನ ಎಣ್ಣೆ ಕಳಿಸಿದ್ದೆನಲ್ಲ, ಹಚ್ಚುತ್ತಿದ್ದೀರೋ ಅಥವಾ ಹೋದ ಸಲದಂತೆ ಹಾಗೇ ಕಟ್ಟಿಕೊಂಡು ವಾಪಸು ತರುತ್ತೀರೋ? ಹೆಂಡ ಕೆಡುತ್ತದೆಂದು ಸಾಕೆ ಮನೆಯವರು ಹುಳಿಸಿದ ಸೋಯಾಕಾಳು ತಿನ್ನಲು ಬಿಡುವುದಿಲ್ಲ, ಅದಿಲ್ಲದೆ ನಿಮಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ನೀವು ಬರುವ ಹೊತ್ತಿಗೆ ಒಂದು ಹುಲ್ಲುಕಟ್ಟಿನ ತುಂಬ ಹುಳಿಸಿ ಇಟ್ಟಿರುತ್ತೇನೆ. ನಾವು ಚೆನ್ನಾಗಿದ್ದೇವೆ. ಚಿಯೆಯ ಹಲ್ಲು ಬಿದ್ದಿದೆ. ಕೆಳಗಿನ ಹಲ್ಲಾದ್ದರಿಂದ ಸೂರಿನ ಮೇಲೆ ಎಸೆದೆವು, ಹಿಮದಲ್ಲಿ ಹೂತುಹೋಯಿತು, ನಿಮ್ಮ ಮಗಳು ಅರ್ಧ ದಿನ ಅತ್ತಳು. ಸೂರಿನ ಹಿಮ ನಾನೇ ಇಳಿಸುತ್ತಿದ್ದೇನೆ. ಬಡಗಣ ಮೂಲೆಯ ಹುಲ್ಲು ಪೂರಾ ಕೊಳೆತಿದೆ, ಸಲಿಕೆ ತಗುಲಿದರೆ ಹಿಡಿ ಹಿಡಿಯಾಗಿ ಕಿತ್ತು ಬರುತ್ತದೆ. ಬರುವ ವರ್ಷ ಊರೆಲ್ಲ ಕೂಡಿ ಹೊದಿಸುವ ಸರದಿ ನಮ್ಮ ಮನೆಯದು ಎಂಬ ಒಂದೇ ಧೈರ್ಯ.

ಈ ಪತ್ರದ ಮೇಲೆ ತಕಾನುಮಾ ಅಂಚೆಯ ಮುದ್ರೆ ನೋಡಿ ಗಾಬರಿಯಾಗಬೇಡಿ. ನಾನೇನೂ ಮನೆಬಿಟ್ಟು ಗುಡ್ಡದಾಚೆ ಹೋಗಿಲ್ಲ. ನಮ್ಮ ಪತ್ರಗಳು ಈಗ ಗುಡ್ಡ ಹತ್ತಿ ಆ ಕಡೆಯಿಂದಲೇ ಹೋಗುತ್ತವೆ. ಓಗಾವಾ ಪಟ್ಟಣಕ್ಕೆ ಇಳಿಯುವ ದಾರಿ ಮುಚ್ಚಿದೆ. ಹಿಮ ಮುಚ್ಚಿತು, ನಾವು ತೆರೆಯಲಿಲ್ಲ, ಅಷ್ಟೇ. ಏಕೆ ಎಂದು ಭಾವ ನಿಮಗೆ ಈಗಾಗಲೇ ತಮ್ಮ ಮಾತಿನಲ್ಲಿ ಬರೆದಿರುತ್ತಾರೆ. ನನ್ನ ಮಾತಿನಲ್ಲೂ ಓದಿ.

ಹೊಸ ಕಾನೂನಿನ ಪ್ರಕಾರ ನಮ್ಮಂಥ ಸಣ್ಣ ಹಳ್ಳಿಗಳು ಯಾವುದಾದರೂ ದೊಡ್ಡ ಊರಿಗೆ ಸೇರಬೇಕಂತೆ. ಸರಿ, ಸೇರಲೇಬೇಕೆಂದರೆ ಸೇರೋಣ. ಆದರೆ ಯಾರೊಂದಿಗೆ? ಹಳ್ಳಿಯ ಮುಖ್ಯಸ್ಥರಾದ ನಿಮ್ಮ ಅಣ್ಣ ಓಗಾವಾದೊಂದಿಗೆ ಮಾತು ಮುಗಿಸಿಕೊಂಡೇ ಸಭೆ ಕರೆದರು. ಅದೂ ಯಾವಾಗ? ಗಂಡಸರೆಲ್ಲ ನಿಮ್ಮಂತೆ ಸಾಕೆ ಮನೆಗಳಿಗೆ ಹೋಗಿ, ಊರಲ್ಲಿ ಹೆಂಗಸರು, ಮಕ್ಕಳು, ಮುದುಕರು ಮಾತ್ರ ಉಳಿದಿರುವ ಫೆಬ್ರುವರಿಯಲ್ಲಿ. ಓಗಾವಾ ಕಚೇರಿಯಿಂದ ಒಬ್ಬ ದಪ್ಪ ಮನುಷ್ಯ ಬಂದಿದ್ದ. ಮೊದಲು ನಗುನಗುತ್ತಾ ಎಲ್ಲರಿಗೂ ಸಿಹಿ ಬಿಸ್ಕತ್ತು ಹಂಚಿದ. ಆಮೇಲೆ ಮಾತಿನ ನಡುವೆ, ಬಾಲದ ತುದಿಯಂತೆ, ನಮ್ಮ ಹುಲ್ಲುಗುಡ್ಡ ಇನ್ನು ಪಟ್ಟಣದ ಆಸ್ತಿಯಾಗುತ್ತದೆ, ಅಲ್ಲಿ ಸುಗಿ ಮರದ ಸಸಿ ನೆಡುತ್ತೇವೆ ಎಂದ. ಸುಗಿ ನೆಟ್ಟರೆ ಹುಲ್ಲೆಲ್ಲಿ? ಹುಲ್ಲಿಲ್ಲದೆ ಸೂರೆಲ್ಲಿ? ನನಗೆ ನಮ್ಮ ಬಡಗಣ ಮೂಲೆ ಕಣ್ಣಮುಂದೆ ಬಂತು. ಗುಡ್ಡದಾಚೆಯ ತಕಾನುಮಾದವರು ಆ ಹುಲ್ಲನ್ನು ನಮ್ಮೊಂದಿಗೇ ಕೊಯ್ಯುವವರು. ಅವರೊಂದಿಗೆ ಸೇರಿದರೆ ಗುಡ್ಡ ಗುಡ್ಡವಾಗಿಯೇ ಇರುತ್ತದೆ. ಇಷ್ಟು ಸಣ್ಣ ಮಾತು ಭಾವನ ತಲೆಗೆ ಹೋಗಲಿಲ್ಲ. ಅವರ ಮನೆಗೆ ತಗಡು ಹೊದಿಸಿ ಆಯಿತಲ್ಲ!

ನಮ್ಮ ಸಭೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಯಾರೂ ಎದ್ದುನಿಂತು ಬೇಡ ಎನ್ನುವುದಿಲ್ಲ. ಹಿರಿಯರು ಹೇಳುತ್ತಾರೆ, ಉಳಿದವರು ಬೆಂಕಿ ನೋಡುತ್ತಾರೆ, ಸುಮ್ಮನಿದ್ದವರೆಲ್ಲ ಒಪ್ಪಿದವರು. ಕೊನೆಗೆ ಎಲ್ಲರೂ ಕೂಡಿ ಒಂದು ಚಪ್ಪಾಳೆ ತಟ್ಟಿದರೆ ಮುಗಿಯಿತು, ಆಮೇಲೆ ಯಾರು ಬಂದರೂ ಅದು ಬದಲಾಗುವುದಿಲ್ಲ. ಗಂಡನ ಬದಲಿಗೆ ಬಂದ ಹೆಂಗಸಂತೂ ಬಾಗಿಲ ಬಳಿ ಕೂತು ಚಪ್ಪಾಳೆಗೆ ಕೈ ಸೇರಿಸಿ ಬರುವವಳು. ಭಾವ ಕೇಳಿದರು, "ಏನ್ರಮ್ಮಾ, ಯಾರದ್ದೂ ತಕರಾರಿಲ್ಲ ತಾನೆ? ಹಾಗಾದ್ರೆ ತಟ್ಟೋಣ." ಅವರು ಎರಡು ಕೈ ಎತ್ತಿ ತಟ್ಟಿದರು, ದಪ್ಪ ಮನುಷ್ಯನೂ ತಟ್ಟಿದ. ನಾನು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡೆ. ಪಕ್ಕದಲ್ಲಿದ್ದ ಸೇನ್ ಅಜ್ಜಿ ನನ್ನ ಕೈ ನೋಡಿ ತನ್ನ ಕೈಗಳನ್ನು ಅಂಗಿಯ ತೋಳಿನೊಳಗೆ ತೂರಿಸಿಕೊಂಡಳು. ಅವಳನ್ನು ನೋಡಿ ಹಿಂದಿನ ಸಾಲು, ಅವರನ್ನು ನೋಡಿ ಮುದುಕರು. ಅಷ್ಟು ದೊಡ್ಡ ಶಾಲೆಯ ಕೋಣೆಯಲ್ಲಿ ಇಬ್ಬರದೇ ಚಪ್ಪಾಳೆ! ಭಾವನ ಮುಖ ಕೆಂಪಾಯಿತು. "ಚಳೀಗೆ ಕೈ ಸೆಟೆದಿದೆಯೇನೋ, ಇನ್ನೊಂದ್ಸಲ ತಟ್ಟೋಣ" ಎಂದರು. ಸೇನ್ ಅಜ್ಜಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಿನ್ನ ತೊಟ್ಟಿಲು ತೂಗಿದ ಕೈ ಕಣೋ ಕಾಂಜಿರೊ ಇದು, ಯಾವಾಗ ಸೆಟೆಯುತ್ತೆ ಯಾವಾಗ ಇಲ್ಲ ಅಂತ ಇದಕ್ಕೇ ಗೊತ್ತು!"

ಆಗ ಭಾವ ನನ್ನ ಕಡೆ ತಿರುಗಿ ಎಲ್ಲರೆದುರು ಅಂದರು, "ನಿನ್ನ ಗಂಡ ಊರು ಬಿಡೋ ಮುಂಚೆ ನಮ್ಮನೇಲೇ ಕೂತು ಹೂಂ ಅಂದು ಹೋಗಿದಾನೆ ಕಣಮ್ಮಾ. ಗಂಡ ಒಪ್ಪಿದ್ದಕ್ಕೆ ಹೆಂಡತಿ ಬೇಡ ಅನ್ನೋದು ಎಲ್ಲಾದ್ರೂ ಉಂಟಾ?" ನನ್ನ ಕಿವಿ ಬಿಸಿಯಾಯಿತು. ಹೌದೇ? ಹುಲ್ಲುಗುಡ್ಡದ ಸಂಗತಿ ಗೊತ್ತಿದ್ದೂ ಒಪ್ಪಿದಿರೇ? ಅಥವಾ ಅಣ್ಣ ಬಟ್ಟಲು ತುಂಬಿಸಿದಾಗ ನೀವು ಎಂದಿನಂತೆ ತಲೆ ಆಡಿಸಿದಿರೇ? ನಮ್ಮದು ದೊಡ್ಡಮನೆಯಿಂದ ಒಡೆದ ಸಣ್ಣಮನೆ, ಅವರು ಕೊಟ್ಟ ಗದ್ದೆ ಉಣ್ಣುತ್ತೇವೆ, ಎಲ್ಲ ನನಗೂ ಗೊತ್ತು. ಅದಕ್ಕೇ ಹದಿಮೂರು ವರ್ಷ ನಾನೂ ತಲೆ ಆಡಿಸಿದೆ. ಆದರೆ ಆ ಹೊತ್ತು ನನ್ನ ಬಾಯಿಂದ ಬಂದ ಮಾತು ಇದು: "ಅವರು ಒಪ್ಪಿದ್ರೆ ಅವರೇ ಬಂದು ತಟ್ಟಲಿ ಭಾವಾ. ಈ ಕೈ ನಂದು." ಹೇಳಿದ್ದಕ್ಕೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಹೆಂಗಸು ಕಾಲಿಟ್ಟರೆ ಸಾಕೆ ಕೆಡುತ್ತದೆ ಎಂದು ನಿಮ್ಮಲ್ಲಿ ಹೇಳುತ್ತಾರಲ್ಲ, ಹೆಂಗಸು ಬಾಯಿಬಿಟ್ಟ ಮೇಲೂ ಹಿನಾಸಾವಾ ಕೆಟ್ಟಿಲ್ಲ, ನಿಂತ ಕಡೆಯೇ ನಿಂತಿದೆ.

ಭಾವ ಸಭೆಯನ್ನು ಮಾರ್ಚ್ ಕೊನೆಗೆ ಮುಂದೂಡಿದರು. ಮರುದಿನವೇ ಹಿಮ ಮೆಟ್ಟಿ ದಾರಿ ತುಳಿಯಲು ದಿನಕ್ಕೊಂದು ಮನೆಗೆ ಬರುವ ಸರದಿಯ ಹಲಗೆ ನಮ್ಮ ಬಾಗಿಲಿಗೆ ಬಂತು. ರಾತ್ರಿಯೆಲ್ಲ ಹಿಮ ಸುರಿದಿತ್ತು. ಕಾಲಿಗೆ ಹುಲ್ಲಿನ ದೊಡ್ಡ ಬೂಟು ಕಟ್ಟಿಕೊಂಡು ಹೊರಟೆ. ಕವಲಿಗೆ ಬಂದಾಗ ಕೆಳಗೆ ಓಗಾವಾ, ಮೇಲೆ ತಕಾನುಮಾ. ಪ್ರತಿ ಚಳಿಗಾಲವೂ ಇಳಿಯುವ ಕಾಲು ಆ ದಿನ ಇಳಿಯಲಿಲ್ಲ. ಗುಡ್ಡದ ಗಡಿಕಲ್ಲಿನವರೆಗೆ ತುಳಿದೆ. ಆ ಕಡೆಯಿಂದ ತಮ್ಮ ಪಾಲಿನ ದಾರಿ ತುಳಿಯುತ್ತಾ ಬಂದ ತಕಾನುಮಾದ ಹೆಂಗಸು ನನ್ನನ್ನು ಕಂಡು, "ಅಯ್ಯೋ, ಈ ಹಿಮದಲ್ಲಿ ಯಾಕೆ ಬಂದೆ ತಾಯಿ, ನಿಮ್ಮಲ್ಲಿ ಯಾರಾದ್ರೂ ಹೋಗ್ಬಿಟ್ರಾ?" ಎಂದಳು. ಇಲ್ಲಕ್ಕಾ, ಈಗಷ್ಟೇ ಎದ್ದಿದ್ದೇವೆ ಎಂದೆ. ಮಾರನೆಯ ದಿನದ ಸರದಿಯವಳೂ ಕವಲಿನಲ್ಲಿ ಮೇಲಕ್ಕೇ ತಿರುಗಿದಳು. ಆಮೇಲಿನವಳೂ ಹಾಗೇ. ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ, ನನ್ನಾಣೆ.

"ಡಾಕ್ಟರು ಇರೋದು ಓಗಾವಾದಲ್ಲಿ, ಯಾರಾದ್ರೂ ಸತ್ತರೆ ಹೊಣೆ ಯಾರು?" ಎಂದು ಭಾವ ಮನೆಮನೆಗೂ ಕೇಳುತ್ತಾ ಬಂದರು. "ಮೊದಲು ಸಾಯೋಳು ನಾನೇ, ನಂದೇನೂ ತಕರಾರಿಲ್ಲ" ಎಂದು ಸೇನ್ ಅಜ್ಜಿ ಬಾಗಿಲು ಹಾಕಿಕೊಂಡಳು. ಸೂಲಗಿತ್ತಿ ಹೇಗೂ ತಕಾನುಮಾದಿಂದಲೇ ಬರುವವಳು. ಮೊನ್ನೆ ದಪ್ಪ ಮನುಷ್ಯ ಮತ್ತೆ ಬಿಸ್ಕತ್ತಿನ ಗಂಟಿನೊಂದಿಗೆ ಬಂದು, ಊರ ಕೆಳಗೆ ಹಿಮದಲ್ಲಿ ಎದೆಯವರೆಗೆ ಹೂತುಹೋಗಿ ಕೂಗಿದ. ನಾವೇನು ಕಲ್ಲೆದೆಯವರೇ? ಹಗ್ಗ ಎಸೆದು ಎಳೆದೆವು, ಮೂಲಂಗಿ ಸಾರು ಕುಡಿಸಿದೆವು, ಮೈ ಬೆಚ್ಚಗಾದ ಮೇಲೆ ಮನೆಗೆ ಕಳಿಸಿದೆವು. ಆದರೆ ಗುಡ್ಡ ಹತ್ತಿಸಿ, ತಕಾನುಮಾದ ಮೇಲಿಂದ ಸುತ್ತು ಹಾಕಿಸಿ! ಹುಲ್ಲುಗುಡ್ಡವನ್ನು ಅವನು ಹತ್ತಿ ನೋಡಿದ್ದು ಅದೇ ಮೊದಲಂತೆ.

ನಿಮ್ಮ ಮೇಲೆ ನನಗೆ ಸಿಟ್ಟಿದೆ, ಪ್ರೀತಿಯೂ ಇದೆ, ಎರಡೂ ಒಟ್ಟಿಗೇ ಇವೆ. ಹೊತ್ತಿಗೆ ಸರಿಯಾಗಿ ಉಣ್ಣಿ. ಎಣ್ಣೆ ಹಚ್ಚಿ. ನಿಮ್ಮ ತಂಡದ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಹೆಂಡತಿಯೂ ಕೈ ಮಡಚಿಕೊಂಡೇ ಕೂತಿದ್ದಳು ಎಂಬುದನ್ನೂ ತಿಳಿಸಿ. ಚಿಯೆ ತನ್ನ ಬೊಚ್ಚುಬಾಯಿಯ ಮುತ್ತು ಕಳಿಸಿದ್ದಾಳೆ.

ನಿಮ್ಮ,
ಮಿಯೊ

ಮರೆತೆ: ಸಭೆಗೆ ಮೊದಲೇ ಬಂದು ನನ್ನ ಬಾಯಿ ಮುಚ್ಚಿಸು ಎಂದು ಭಾವ ನಿಮಗೆ ಬರೆಯುತ್ತಾರೆ. ಬನ್ನಿ, ಬರಲೇಬೇಕು. ಆದರೆ ಆಗಲೂ ಇಲ್ಲಿ ಹಿಮ ಕರಗಿರುವುದಿಲ್ಲ. ಓಗಾವಾ ನಿಲ್ದಾಣದಲ್ಲಿ ಇಳಿದರೆ ನಿಮ್ಮ ದಾರಿ ನೀವೇ ತುಳಿದುಕೊಂಡು, ನೇರ ಅಣ್ಣನ ಮನೆಗೆ ಹೋಗಿ. ತಕಾನುಮಾ ಕಡೆಯಿಂದ ಬಂದರೆ ಗಡಿಕಲ್ಲಿನಿಂದ ಮನೆಯ ಬಾಗಿಲವರೆಗೆ ನಾನು ತುಳಿದಿಟ್ಟಿರುತ್ತೇನೆ. ನೀವು ಯಾವ ಕಡೆಯಿಂದ ಬಂದಿರಿ ಎಂದು ನೋಡಿದರೆ ಸಾಕು, ಬೇರೆ ಉತ್ತರ ಬೇಡ. ಇನ್ನೊಂದು ಮಾತು. ಸಭೆಯ ದಿನದಿಂದ ಬೆಂಕಿಗುಂಡಿಯ ಮುಂದಿನ ಯಜಮಾನರ ಜಾಗದಲ್ಲಿ ನಾನೇ ಕೂರುತ್ತಿದ್ದೇನೆ. ಬೆಚ್ಚಗಿದೆ. ನೀವು ಬಂದರೆ ಸರಿದು ಕೂರುತ್ತೇನೆ, ಏಳುವುದಿಲ್ಲ.